ಹೊರದೇಶದವರ ಜೊತೆ ಸಂಶೋಧನೆ: ಗೌರಿಬಿದನೂರು ಸೀಮೆಯ ಅರವತ್ತು ವರ್ಷದ ಪಾಠ

ಚಿಕ್ಕಬಳ್ಳಾಪುರ ಜಿಲ್ಲೆ ಎಂದರೆ ನಂದಿಬೆಟ್ಟ, ದ್ರಾಕ್ಷಿ ತೋಟ, ರೇಷ್ಮೆಗೂಡು, ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿ ನೆನಪಿಗೆ ಬರುತ್ತವೆ. ಅಂತಾರಾಷ್ಟ್ರೀಯ ವಿಜ್ಞಾನ ಯಾರಿಗೂ ನೆನಪಾಗುವುದಿಲ್ಲ. ಆದರೆ 1965ರಿಂದ ಈಚೆಗೆ ಈ ನೆಲದ ಕಂಪನವನ್ನು ಬ್ರಿಟನ್ನಿನ ವಿಜ್ಞಾನಿಗಳು ಓದಿದ್ದಾರೆ. ಇಲ್ಲಿನ ಬಯಲಿನಲ್ಲಿ ಕಲಿತ ವಿದ್ಯೆ ಮಾರಿಷಸ್‌ ದ್ವೀಪಕ್ಕೆ ಹೋಗಿದೆ. ಇಲ್ಲಿನ ಒಂದು ಕೆರೆಯಲ್ಲಿ ತೇಲಿದ ಉಪಕರಣದ ಫಲವನ್ನು ಕೇಂಬ್ರಿಜ್‌ನಲ್ಲಿ ಕೂತು ಲೆಕ್ಕ ಹಾಕಿದ್ದಾರೆ. ಜಪಾನಿನ ತಜ್ಞರು ಮೈಸೂರಿನಲ್ಲಿ ನಮ್ಮವರೊಡನೆ ರೂಪಿಸಿದ ರೇಷ್ಮೆ ಸಾಕಾಣಿಕೆಯ ಕ್ರಮ ಶಿಡ್ಲಘಟ್ಟದ ಹುಳುಮನೆಗಳಿಗೆ ಬಂದಿದೆ.

ಬೇರೆ ಬೇರೆ ದೇಶದ ಸಂಶೋಧಕರು ಒಂದು ತಂಡವಾದಾಗ ಅವರ ನಡುವಿನ ಮಾತುಕತೆ ಯಾವುದರಿಂದ ಗಟ್ಟಿಯಾಗುತ್ತದೆ, ಎಲ್ಲಿ ಕಡಿದುಹೋಗುತ್ತದೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಈ ಸೀಮೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಈ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಖಚಿತವಾಗಿರುವುದು ಇಷ್ಟು: ಉಪಕರಣ ನಿಂತಿರುವ ನೆಲದವರಿಗೆ ದತ್ತಾಂಶದ ಮೇಲೆ ಹಕ್ಕು, ಲೆಕ್ಕವನ್ನು ಪ್ರಶ್ನಿಸುವ ಶಕ್ತಿ, ಪ್ರಕಟಣೆಯಲ್ಲಿ ಹೆಸರು ಇವು ಮೂರೂ ಇದ್ದರೆ ಸಹಯೋಗ ಬಾಳುತ್ತದೆ. ಇ-ಮೇಲ್, ವಿಡಿಯೊ ಸಭೆಗಳ ವಿಚಾರ ಅದರ ನಂತರದ್ದು.

1965: ಒಂದೇ ಜಿಲ್ಲೆ, ಎರಡು ಪ್ರಯೋಗ

ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಆ ಅವಿಭಜಿತ ಜಿಲ್ಲೆಯಲ್ಲಿ 1965ರಲ್ಲಿ ಎರಡು ದೊಡ್ಡ ಪ್ರಯೋಗಗಳು ನಡೆದವು. ಎರಡರಲ್ಲೂ ಬ್ರಿಟಿಷರು ಪಾಲುದಾರರು.

ಮೊದಲನೆಯದು ಕೋಲಾರದ ಚಿನ್ನದ ಗಣಿಯಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಶೋಧಕಗಳನ್ನು ಇಟ್ಟವು. ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್, ಎಸ್. ಮಿಯಾಕೆ, ಎ.ಡಬ್ಲ್ಯು. ವುಲ್ಫೆಂಡೇಲ್ ಆ ತಂಡದ ಮುಖ್ಯರು. ಅದಕ್ಕೂ ಮೊದಲು ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಇದೇ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯುವಾನ್ ಕಣಗಳನ್ನು ಎಣಿಸಿದ್ದರು. ತೀರ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಸಿಗಲಿಲ್ಲ. ಅದನ್ನು ಅವರು ಸೋಲು ಎಂದುಕೊಳ್ಳಲಿಲ್ಲ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊ ಹುಟ್ಟಿಸುವ ಅಪರೂಪದ ಸದ್ದನ್ನೂ ಕೇಳಬಹುದು ಎಂದು ಅರ್ಥ ಮಾಡಿಕೊಂಡರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಪತ್ತೆಯ ವರದಿ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಹೊರಬಂದದ್ದು ಅದಾದ ಎರಡು ವಾರಕ್ಕೆ.

ಈ ಸಹಯೋಗ ಗಟ್ಟಿಯಾಗಿ ನಿಲ್ಲಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೂರು ತಂಡಗಳಲ್ಲಿ ಯಾರೂ ಬರಿಗೈಯಲ್ಲಿ ಬಂದವರಲ್ಲ. ಗಣಿಯ ಆಳದ ಅನುಭವ ಭಾರತ ಮತ್ತು ಜಪಾನಿನವರಿಗೆ ಮೊದಲೇ ಇತ್ತು. ಡರ್ಹ್ಯಾಮ್‌ನವರಿಗೆ ಕಣದ ಜಾಡು ತೋರಿಸುವ ನಿಯಾನ್ ಫ್ಲ್ಯಾಶ್ ಟ್ಯೂಬುಗಳ ಪರಿಣತಿ ಇತ್ತು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗದು ಎಂಬ ಸ್ಥಿತಿ ಇದ್ದಾಗ ಯಾರೂ ಯಾರನ್ನೂ ಕೈಯಾಳಿನಂತೆ ನಡೆಸಿಕೊಳ್ಳಲು ಆಗುವುದಿಲ್ಲ.

ಎರಡನೆಯದು ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರ. 1958ರಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರು ನೆಲದಡಿಯ ಅಣು ಪರೀಕ್ಷೆಯನ್ನು ದೂರದಿಂದ ಪತ್ತೆಹಚ್ಚುವ ಬಗ್ಗೆ ಚರ್ಚಿಸಿದರು. ಅದರ ಬೆನ್ನಿಗೆ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗಾ ಮತ್ತು ನಮ್ಮ ಗೌರಿಬಿದನೂರಿನಲ್ಲಿ ಆಯಾ ದೇಶದವರ ಜೊತೆ ಸೇರಿ ಒಂದೇ ಮಾದರಿಯ ಕೇಂದ್ರಗಳನ್ನು ಕಟ್ಟಿತು. ಇಲ್ಲಿ ಪಾಲುದಾರ ಸಂಸ್ಥೆ ಟ್ರಾಂಬೆಯ ಅಣುಶಕ್ತಿ ಸಂಸ್ಥೆ, ಅಂದರೆ ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರ.

ಆ ಕೇಂದ್ರದ ಕೆಲಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಒಂದೊಂದು ಕೈ ಇಪ್ಪತ್ತು ಕಿಲೋಮೀಟರಿಗೂ ಉದ್ದವಾಗಿ, ಹಳ್ಳಿ ಹೊಲಗಳ ನಡುವಿನ ಗುಂಡಿಗಳಲ್ಲಿ ಇಪ್ಪತ್ತು ಕಂಪನ ಮಾಪಕಗಳನ್ನು ಇಳಿಸಿದರು. ಸಾವಿರಾರು ಕಿಲೋಮೀಟರ್ ದೂರದಲ್ಲಿ ನೆಲ ಅದುರಿದರೆ ಆ ಅಲೆ ಇಪ್ಪತ್ತೂ ಗುಂಡಿಗಳನ್ನು ಒಂದೆರಡು ಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದು ಮುಟ್ಟುತ್ತದೆ. ಆ ಅಂತರವನ್ನು ಸರಿದೂಗಿಸಿ ಎಲ್ಲ ದಾಖಲೆಗಳನ್ನು ಕೂಡಿಸಿದರೆ ಬಂಡಿ, ಲಾರಿ, ಗಾಳಿಯಿಂದಾದ ಸ್ಥಳೀಯ ಕಂಪನ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ದೂರದ ಅಲೆ ಮಾತ್ರ ಎದ್ದು ಕಾಣುತ್ತದೆ. ಯಾವ ಗುಂಡಿಗೆ ಮೊದಲು ತಲುಪಿತು ಎಂಬುದರಿಂದ ದಿಕ್ಕೂ ತಿಳಿಯುತ್ತದೆ. ಗುಂಡಿಗೆ ನೀರು ನುಗ್ಗದಂತೆ, ತಂತಿ ಕಡಿಯದಂತೆ, ಗಡಿಯಾರ ತಪ್ಪದಂತೆ ನೋಡಿಕೊಂಡ ಇಲ್ಲಿನ ಸಿಬ್ಬಂದಿಯ ದಿನನಿತ್ಯದ ಎಚ್ಚರದ ಮೇಲೆ ಇಡೀ ಲೆಕ್ಕ ನಿಂತಿತ್ತು.

ದಾಖಲೆ ಆಗುತ್ತಿದ್ದದ್ದು ಮ್ಯಾಗ್ನೆಟಿಕ್ ಟೇಪಿನಲ್ಲಿ. ನಾಲ್ಕೂ ದೇಶದ ಟೇಪುಗಳನ್ನು ವಿಶ್ಲೇಷಿಸುವ ಬ್ರಿಟನ್ನಿನ ಕೇಂದ್ರ ಇದ್ದದ್ದು ಬ್ಲ್ಯಾಕ್‌ನೆಸ್ಟ್‌ನಲ್ಲಿ. ಒಂದೇ ಮಾದರಿಯ ಉಪಕರಣ, ಒಂದೇ ಬಗೆಯ ಟೇಪು, ಒಂದೇ ಕಾಲಮಾನ ಇದ್ದುದರಿಂದ ಕೆನಡಾದ ದಾಖಲೆಯನ್ನೂ ಗೌರಿಬಿದನೂರಿನ ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯವಾಯಿತು. ಬರಹದ ಮಾತಿಗಿಂತ ಮೊದಲು ಅಳತೆಯ ಮಾತು ಒಂದಾಗಬೇಕು ಎಂಬುದನ್ನು ಅಂತರಜಾಲ ಹುಟ್ಟುವ ಮೊದಲೇ ಈ ಕೇಂದ್ರಗಳು ತೋರಿಸಿದವು.

ಆದರೆ ವಿಷಯ ಅಣ್ವಸ್ತ್ರದ್ದು. ಗೆಳೆತನಕ್ಕೆ ಅಲ್ಲಿ ಒಂದು ಮಿತಿ ಇತ್ತು. 1996ರ ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯ ನಂತರ ಸ್ಫೋಟದ ಶಕ್ತಿ ಎಷ್ಟು ಎಂಬ ವಾದ ಎದ್ದಿತು. ಹೊರಗಿನ ಹಲವು ಭೂಕಂಪಶಾಸ್ತ್ರಜ್ಞರ ಅಂದಾಜು ಭಾರತ ಘೋಷಿಸಿದ್ದಕ್ಕಿಂತ ಬಹಳ ಕಡಿಮೆ ಇತ್ತು. ಭಾಭಾ ಕೇಂದ್ರದ ವಿಜ್ಞಾನಿಗಳು ಗೌರಿಬಿದನೂರಿನ ದಾಖಲೆಗಳನ್ನು ಬಳಸಿ ಉತ್ತರ ಬರೆದರು. ಒಂದೇ ಸ್ಫೋಟ, ಬೇರೆ ಬೇರೆ ಕೇಂದ್ರಗಳ ದತ್ತಾಂಶ, ಬೇರೆ ಬೇರೆ ತೀರ್ಮಾನ. ನಮ್ಮದೇ ಕೇಂದ್ರ ಇರದಿದ್ದರೆ ಆ ವಾದದಲ್ಲಿ ನಮಗೆ ಬಾಯಿಯೇ ಇರುತ್ತಿರಲಿಲ್ಲ. ಹಾಗೆಯೇ ದತ್ತಾಂಶ ಎಲ್ಲರ ಮುಂದೆ ತೆರೆದಿರದ ಕಡೆ ಯಾವ ವಾದವೂ ಎದುರಿನವರನ್ನು ಪೂರ್ತಿ ಒಪ್ಪಿಸುವುದಿಲ್ಲ. ಈ ಎರಡೂ ಪಾಠಗಳು ಸಮಾನ ತೂಕದವು.

ಬಯಲಿನ ದೂರದರ್ಶಕದಿಂದ ಮಾರಿಷಸ್‌ಗೆ

1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಗೌರಿಬಿದನೂರಿನ ಬಳಿ ಟಿ ಆಕಾರದ ರೇಡಿಯೊ ದೂರದರ್ಶಕ ಕಟ್ಟಿದವು. ಸಾವಿರ ದ್ವಿಧ್ರುವ ಆ್ಯಂಟೆನಾಗಳು, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದದ ಸಾಲು, 34.5 ಮೆಗಾಹರ್ಟ್ಸ್ ಆವರ್ತನ. ಸಿಎಚ್. ವಿ. ಶಾಸ್ತ್ರಿ ಇದರ ಹಿಂದಿನ ದೊಡ್ಡ ಹೆಸರು. ಇಷ್ಟು ಕಡಿಮೆ ಆವರ್ತನದಲ್ಲಿ ಆಕಾಶ ನೋಡುವ ದೂರದರ್ಶಕಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶದ ನಕ್ಷೆ ಈ ಬಯಲಿನಲ್ಲೇ ತಯಾರಾದದ್ದು.

ಈ ಅನುಭವವೇ ಮುಂದೆ ಮಾರಿಷಸ್ ರೇಡಿಯೊ ದೂರದರ್ಶಕಕ್ಕೆ ಬುನಾದಿಯಾಯಿತು. ದಕ್ಷಿಣದ ಆಕಾಶವನ್ನು ನೋಡಲು ನಮ್ಮ ಎರಡು ಸಂಸ್ಥೆಗಳೂ ಮಾರಿಷಸ್ ವಿಶ್ವವಿದ್ಯಾಲಯವೂ ಕೈಜೋಡಿಸಿ ಆ ದ್ವೀಪದ ಬ್ರಾ ದೋ ಎಂಬಲ್ಲಿ 1024 ಸುರುಳಿ ಆ್ಯಂಟೆನಾಗಳನ್ನು ಎರಡು ಕಿಲೋಮೀಟರ್ ಸಾಲಿನಲ್ಲಿ ನಿಲ್ಲಿಸಿದವು. ದಕ್ಷಿಣದ ಕೈಗೆ ಹಳಿಯ ಮೇಲೆ ಓಡಾಡುವ ಟ್ರಾಲಿಗಳು. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಶ್ರೀಮಂತ ದೇಶದಿಂದ ಬಡ ದೇಶಕ್ಕೆ ತಂತ್ರಜ್ಞಾನ ಇಳಿದು ಬಂದ ಕಥೆ ಇದಲ್ಲ. ಕಡಿಮೆ ಹಣದಲ್ಲಿ, ಸ್ಥಳೀಯವಾಗಿ ಸಿಗುವ ಸಾಮಗ್ರಿಯಿಂದ ದೊಡ್ಡ ಉಪಕರಣ ಕಟ್ಟಲು ಬಯಲುಸೀಮೆಯಲ್ಲಿ ಕಲಿತವರು ಅದೇ ಬಗೆಯ ಮಿತಿಗಳಿದ್ದ ಇನ್ನೊಂದು ನಾಡಿನವರ ಜೊತೆ ಕೂತು ಮಾಡಿದ ಕೆಲಸ. ಆ ದೂರದರ್ಶಕದ ಮೇಲೆ ಕೆಲಸ ಮಾಡಿ ಮಾರಿಷಸ್‌ನ ವಿದ್ಯಾರ್ಥಿಗಳು ಖಗೋಳ ವಿಜ್ಞಾನಿಗಳಾದರು. ಸಹಯೋಗದ ಫಲವನ್ನು ಅಳೆಯುವಾಗ ಪ್ರಬಂಧಗಳ ಸಂಖ್ಯೆಗಿಂತ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಗೌರಿಬಿದನೂರಿನಲ್ಲಿ 1997ರಿಂದ ಕೆಲಸ ಆರಂಭಿಸಿದ ಸೌರ ರೇಡಿಯೊ ಚಿತ್ರಕ ಬೇರೆ ಬಗೆಯ ಸಹಯೋಗವನ್ನು ತೋರಿಸುತ್ತದೆ. ಫ್ರಾನ್ಸಿನ ನಾನ್ಸೆ ಕೇಂದ್ರ ಸೂರ್ಯನ ಪ್ರಭಾವಲಯವನ್ನು ಹೆಚ್ಚಿನ ಆವರ್ತನಗಳಲ್ಲಿ ನೋಡುತ್ತದೆ. ಗೌರಿಬಿದನೂರು ಅದಕ್ಕಿಂತ ಕಡಿಮೆ ಆವರ್ತನದಲ್ಲಿ, ಅಂದರೆ ಪ್ರಭಾವಲಯದ ಇನ್ನೂ ಎತ್ತರದ ಪದರಗಳನ್ನು ನೋಡುತ್ತದೆ. ನಮ್ಮಲ್ಲಿ ಸೂರ್ಯ ಫ್ರಾನ್ಸಿಗಿಂತ ಸುಮಾರು ಐದು ಗಂಟೆ ಮೊದಲು ನೆತ್ತಿಗೆ ಬರುತ್ತಾನೆ. ಸೂರ್ಯನಿಂದ ದ್ರವ್ಯ ಸಿಡಿದ ಒಂದು ಘಟನೆಯನ್ನು ಪೂರ್ತಿ ಅರಿಯಬೇಕಾದರೆ ಈ ಕೇಂದ್ರಗಳ ಚಿತ್ರಗಳನ್ನೂ ಸೋಹೊದಂಥ ಬಾಹ್ಯಾಕಾಶ ನೌಕೆಯ ಚಿತ್ರಗಳನ್ನೂ ಸೇರಿಸಿ ಓದಬೇಕು. ಇದಕ್ಕೆ ದೊಡ್ಡ ಒಪ್ಪಂದ ಬೇಕಾಗಿಲ್ಲ. ದತ್ತಾಂಶ ಸರಿಯಾದ ರೂಪದಲ್ಲಿ, ಸರಿಯಾದ ಸಮಯದ ಗುರುತಿನೊಡನೆ ಸಿಗುವಂತಿದ್ದರೆ ಸಾಕು.

ಹಳೆಯ ದತ್ತಾಂಶವನ್ನು ಜೋಪಾನವಾಗಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಗೌರಿಬಿದನೂರೇ ಉದಾಹರಣೆ. 2008ರಲ್ಲಿ ಹಾರಿದ ಅಮೆರಿಕದ ಫರ್ಮಿ ಉಪಗ್ರಹ ಗ್ಯಾಮಾ ಕಿರಣದಲ್ಲಿ ಮಿಡಿಯುವ ಹಲವು ಪಲ್ಸಾರ್‌ಗಳನ್ನು ಕಂಡುಹಿಡಿಯಿತು. ಅವುಗಳಲ್ಲಿ ಕೆಲವು ರೇಡಿಯೊ ದೂರದರ್ಶಕಗಳಿಗೆ ಕಾಣುತ್ತಿರಲಿಲ್ಲ. ಯೋಗೇಶ್ ಮಾನ್, ಎಚ್.ಎ. ಅಶ್ವತ್ಥಪ್ಪ, ಅವಿನಾಶ್ ದೇಶಪಾಂಡೆ ಅವರು ಎಷ್ಟೋ ವರ್ಷ ಹಿಂದೆ ಗೌರಿಬಿದನೂರಿನಲ್ಲಿ ದಾಖಲಿಸಿಟ್ಟ ಸಂಕೇತಗಳನ್ನು ಮತ್ತೆ ಜಾಲಾಡಿದರು. ಅಂಥ ಒಂದು ಪಲ್ಸಾರ್‌ನ ಮಿಡಿತ 34.5 ಮೆಗಾಹರ್ಟ್ಸ್‌ನಲ್ಲಿ ಇರಬಹುದೆಂದು 2012ರಲ್ಲಿ ವರದಿ ಮಾಡಿದರು. ಉಪಗ್ರಹ ಹಾರುವ ಮೊದಲೇ ಅದರ ಪ್ರಶ್ನೆಗೆ ಬೇಕಾದ ದಾಖಲೆ ನಮ್ಮ ಕೇಂದ್ರದಲ್ಲಿ ಕೂತಿತ್ತು.

ಕೆರೆಯಲ್ಲಿ ತೇಲಿದ ಆ್ಯಂಟೆನಾ

ನಮ್ಮ ಕಾಲದ ಅತ್ಯಂತ ಸ್ಪಷ್ಟ ಉದಾಹರಣೆ ಸಾರಸ್ ಎಂಬ ರೇಡಿಯೊ ಉಪಕರಣ. 2018ರಲ್ಲಿ ಅಮೆರಿಕದ ಎಡ್ಜಸ್ ತಂಡ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಉಪಕರಣದಿಂದ, ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ರೇಡಿಯೊ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿದೆ ಎಂದು ಪ್ರಕಟಿಸಿತು. ಆ ಗುರುತು ಸಿದ್ಧಾಂತ ಹೇಳಿದ್ದಕ್ಕಿಂತ ಬಹಳ ದೊಡ್ಡದು. ನಿಜವಾಗಿದ್ದರೆ ಭೌತಶಾಸ್ತ್ರದ ಪುಸ್ತಕವನ್ನೇ ತಿದ್ದಬೇಕಿತ್ತು. ಪರಿಶೀಲಿಸಲು ಬೇರೆ ತಂಡ, ಬೇರೆ ಉಪಕರಣ ಬೇಕಿತ್ತು.

ರಾಮನ್ ಸಂಸ್ಥೆಯ ತಂಡ ಈ ಕೆಲಸದಲ್ಲಿ ಆಗಲೇ ವರ್ಷಗಳಿಂದ ತೊಡಗಿತ್ತು. ಸಾರಸ್‌ನ ಆರಂಭದ ವೀಕ್ಷಣೆ ಗೌರಿಬಿದನೂರಿನಲ್ಲೇ ನಡೆದಿತ್ತು. ಇಲ್ಲಿನ ತೊಡಕು ಎರಡು: ಎಲ್ಲೆಡೆ ಹರಡಿರುವ ಎಫ್‌ಎಂ ಪ್ರಸಾರ ಮತ್ತು ಆ್ಯಂಟೆನಾದ ಕೆಳಗಿನ ನೆಲ. ಮಣ್ಣಿನ ಪದರ, ಕಲ್ಲು, ತೇವಾಂಶ ಒಂದೇ ಸಮ ಇರುವುದಿಲ್ಲ. ಅವುಗಳಿಂದ ಹಿಂದಿರುಗುವ ಸಣ್ಣ ಪ್ರತಿಫಲನವೇ ಹುಡುಕುತ್ತಿರುವ ಗುರುತಿನಂತೆ ಕಾಣಬಹುದು. ನೀರಿನಲ್ಲಿ ಆ ತಾಪತ್ರಯ ಇಲ್ಲ. ಎಲ್ಲೆಡೆ ಒಂದೇ ಗುಣ. ಹೀಗಾಗಿ ಮೂರನೆಯ ಸಾರಸ್‌ನ ಆ್ಯಂಟೆನಾವನ್ನು ತೆಪ್ಪದಂಥ ತೇಲುವ ಕಟ್ಟಿನ ಮೇಲೆ ಕೂರಿಸಿದರು. 2020ರ ಆರಂಭದಲ್ಲಿ ನಮ್ಮ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಆಮೇಲೆ ಶರಾವತಿ ಹಿನ್ನೀರಿನಲ್ಲೂ ಅದನ್ನು ತೇಲಿಬಿಟ್ಟರು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಉದಯಶಂಕರ್ ಮೊದಲಾದವರ ತಂಡ 2022ರಲ್ಲಿ ನೇಚರ್ ಅಸ್ಟ್ರಾನಮಿ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು: ಎಡ್ಜಸ್ ಹೇಳಿದ ಆಕಾರದ ಗುರುತು ಆಕಾಶದಲ್ಲಿ ಇಲ್ಲ, ಖಚಿತತೆ ಶೇ 95.3.

ಮುಂದಿನ ಹೆಜ್ಜೆ ನನ್ನ ವಾದಕ್ಕೆ ಬಹಳ ಮುಖ್ಯ. ಗುರುತು ಸಿಗಲಿಲ್ಲ ಎಂಬುದರಿಂದಲೇ ಮೊದಲ ಗೆಲಾಕ್ಸಿಗಳು ಹೇಗಿರಲಿಲ್ಲ ಎಂದು ಹೇಳಬಹುದು. ಆ ಲೆಕ್ಕಕ್ಕೆ ಕೇಂಬ್ರಿಜ್‌ನ ಹ್ಯಾರಿ ಬೆವಿನ್ಸ್, ಅನಸ್ತಾಸಿಯಾ ಫಿಯಾಲ್ಕೊವ್ ಮೊದಲಾದವರೂ ಟೆಲ್ ಅವೀವ್‌ನ ರೆನ್ನನ್ ಬರ್ಕಾನಾ ಅವರೂ ಸಾರಸ್ ತಂಡದವರ ಜೊತೆಗೂಡಿದರು. ಅದೇ ವರ್ಷದ ನವೆಂಬರಿನಲ್ಲಿ ಅದೇ ಪತ್ರಿಕೆಯಲ್ಲಿ ಪ್ರಬಂಧ ಬಂತು. ಉಪಕರಣ ಕಟ್ಟಿದವರೂ ಸಿದ್ಧಾಂತದ ಲೆಕ್ಕ ಹಾಕಿದವರೂ ಒಂದೇ ಪ್ರಬಂಧದ ಲೇಖಕರು. ನಮ್ಮವರು ದತ್ತಾಂಶ ಒಪ್ಪಿಸಿ ಬದಿಗೆ ಸರಿಯಲಿಲ್ಲ. ಉಪಕರಣದ ದೋಷ ಎಲ್ಲಿ ಅಡಗಿರಬಹುದು ಎಂಬುದು ಕಟ್ಟಿದವರಿಗಷ್ಟೇ ಗೊತ್ತು. ಅವರನ್ನು ಕೇಳದೆ ಹಾಕಿದ ಲೆಕ್ಕ ನಂಬಲರ್ಹವಲ್ಲ. 1965ರಲ್ಲಿ ಬ್ರಿಟನ್ನಿನ ಮಾದರಿಯ ಕೇಂದ್ರವನ್ನು ತನ್ನ ನೆಲದಲ್ಲಿ ಕೂರಿಸಿಕೊಂಡ ಸೀಮೆ, 2022ರ ಹೊತ್ತಿಗೆ ಪ್ರಪಂಚದ ಒಂದು ದೊಡ್ಡ ವಾದಕ್ಕೆ ತನ್ನದೇ ಉಪಕರಣದಿಂದ ಉತ್ತರ ಕೊಟ್ಟ ವಿಜ್ಞಾನಕ್ಕೆ ನೆಲೆ ಒದಗಿಸಿತ್ತು.

ದೂರದ ಬೆಲೆ

ದೊಡ್ಡ ತಂಡಗಳ ಬಗ್ಗೆ ಸಂಶೋಧಕರು ನಡೆಸಿದ ಅಧ್ಯಯನಗಳೂ ನನ್ನ ವಾದಕ್ಕೆ ಹೊಂದುತ್ತವೆ. ಗ್ಯಾರಿ ಮತ್ತು ಜೂಡಿತ್ ಓಲ್ಸನ್ 2000ದಲ್ಲಿ ಬರೆದ ಪ್ರಸಿದ್ಧ ಪ್ರಬಂಧ, ಎಷ್ಟೇ ತಂತ್ರಜ್ಞಾನ ಬಂದರೂ ದೂರ ದೂರವೇ ಎಂದು ವಾದಿಸಿತು. ಮೊದಲೇ ಪರಸ್ಪರ ಗೊತ್ತಿರುವುದು, ಕೆಲಸವನ್ನು ಸ್ಪಷ್ಟವಾಗಿ ಹಂಚಿಕೊಂಡಿರುವುದು, ಹಂಚಿಕೊಳ್ಳುವ ಮನಸ್ಸು ಇರುವುದು ಯಂತ್ರಕ್ಕಿಂತ ಮುಖ್ಯ ಎಂದಿತು. ಅಮೆರಿಕದ 62 ಯೋಜನೆಗಳನ್ನು ನೋಡಿದ ಜೊನಾಥನ್ ಕಮಿಂಗ್ಸ್ ಮತ್ತು ಸಾರಾ ಕೀಸ್ಲರ್ 2005ರಲ್ಲಿ, ಪಾಲುಗೊಂಡ ವಿಶ್ವವಿದ್ಯಾಲಯಗಳು ಹೆಚ್ಚಾದಷ್ಟೂ ಹೊಂದಾಣಿಕೆ ಕಷ್ಟವಾಗಿ ಫಲ ಕಡಿಮೆಯಾಗುತ್ತದೆ ಎಂದು ಕಂಡರು.

ಇದನ್ನು ನಮ್ಮ ಕೇಂದ್ರಗಳಿಗೆ ಹೊಂದಿಸಿ ನೋಡಬಹುದು. ಜಪಾನಿಗೂ ನಮಗೂ ಮೂರೂವರೆ ಗಂಟೆ ಅಂತರ. ಬ್ರಿಟನ್ನಿಗೂ ನಮಗೂ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಮೆರಿಕದವರ ಕಚೇರಿ ಸಮಯ ನಮಗೆ ರಾತ್ರಿ. ಸಭೆಯ ಹೊತ್ತು ಯಾವಾಗಲೂ ಒಂದೇ ಕಡೆಯವರಿಗೆ ಅನುಕೂಲವಾಗಿದ್ದರೆ ಇನ್ನೊಂದು ಕಡೆಯವರ ಮಾತು ನಿಧಾನವಾಗಿ ಕಡಿಮೆಯಾಗುತ್ತದೆ. ಇಂಗ್ಲಿಷಿನಲ್ಲಿ ಸಲೀಸಾಗಿ ವಾದಿಸಬಲ್ಲವರೇ ತೀರ್ಮಾನ ಕೊಡುವಂತಾದರೆ ಉಪಕರಣವನ್ನು ಅಂಗೈ ರೇಖೆಯಂತೆ ಬಲ್ಲ ತಂತ್ರಜ್ಞನ ಎಚ್ಚರಿಕೆ ಸಭೆಯನ್ನು ಮುಟ್ಟುವುದೇ ಇಲ್ಲ. ಬರಹದಲ್ಲಿ, ಮೊದಲೇ ಕಳಿಸಿದ ಟಿಪ್ಪಣಿಯ ಮೇಲೆ ಚರ್ಚೆ ನಡೆಸುವುದು ಇಂಥವರಿಗೆ ದಾರಿ ಮಾಡಿಕೊಡುತ್ತದೆ.

ಶಿಡ್ಲಘಟ್ಟದ ಹಳದಿ ಗೂಡು, ಜಪಾನಿನ ಬಿಳಿ ಗೂಡು

ಆಕಾಶ ನೋಡುವ ವಿಜ್ಞಾನದಲ್ಲಿ ತಂಡದ ಎಲ್ಲರೂ ವಿಜ್ಞಾನಿಗಳು, ತಂತ್ರಜ್ಞರೇ. ರೇಷ್ಮೆಯಲ್ಲಿ ಹಾಗಲ್ಲ. ರೈತನ ಹುಳುಮನೆಯಲ್ಲಿ ನಿಲ್ಲದ ಸಂಶೋಧನೆಗೆ ಬೆಲೆಯೇ ಇಲ್ಲ. ಮೈಸೂರು ಸೀಮೆಯ ರೇಷ್ಮೆಗೆ ಹೊರದೇಶದ ನಂಟು ಹಳೆಯದು. ಜಮ್ಶೇಟ್‌ಜಿ ಟಾಟಾ ಜಪಾನೀಯರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿಸಿದ್ದರು. 1991ರಿಂದ 2007ರವರೆಗೆ ಮೂರು ಹಂತದಲ್ಲಿ ಜಪಾನಿನ ಜೈಕಾ ಸಂಸ್ಥೆ ಮತ್ತು ಕೇಂದ್ರ ರೇಷ್ಮೆ ಮಂಡಳಿ ಕೂಡಿ ದ್ವಿತಳಿ ರೇಷ್ಮೆ ಯೋಜನೆ ನಡೆಸಿದವು. ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಸಿಎಸ್‌ಆರ್ ಹೆಸರಿನ ತಳಿಗಳು ಬಂದವು.

ಶಿಡ್ಲಘಟ್ಟದ ಮಾರುಕಟ್ಟೆ ರಾಜ್ಯದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿನವರು ತಲೆಮಾರುಗಳಿಂದ ನೆಚ್ಚಿಕೊಂಡದ್ದು ಹಳದಿ ಬಣ್ಣದ ಸಿ.ಬಿ., ಅಂದರೆ ಮಿಶ್ರತಳಿ, ಗೂಡು. ದ್ವಿತಳಿಯ ಬಿಳಿ ಗೂಡಿನಿಂದ ಬರುವ ಎಳೆ ಹೆಚ್ಚು ಉದ್ದ, ಹೆಚ್ಚು ಸಮ, ಬೆಲೆಯೂ ಮೇಲು. ಆದರೆ ಹುಳು ಸೂಕ್ಷ್ಮ. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಹಣ್ಣಾಗುವವರೆಗೆ ಹುಳುಮನೆಯ ಕಾವು 25 ಡಿಗ್ರಿ ಆಸುಪಾಸಿನಲ್ಲಿರಬೇಕು, ತೇವ ಹದವಾಗಿರಬೇಕು, ಸೋಂಕು ನಿವಾರಣೆ ಚಾಚೂ ತಪ್ಪಬಾರದು. ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಕೊಳವೆಬಾವಿ ಬತ್ತಿ ಸೊಪ್ಪು ಬಾಡುತ್ತಿರುವಾಗ ಇದೆಲ್ಲ ಸುಲಭವಲ್ಲ. ಗೂಡು ಕೊಳ್ಳುವ ರೀಲರ್‌ಗೂ ಅವನದೇ ಲೆಕ್ಕವಿದೆ. ಅವನ ಚರಕ, ಕಾಟೇಜ್ ಬೇಸಿನ್ ಸಿ.ಬಿ. ಗೂಡಿಗೆ ಒಗ್ಗಿದವು. ದ್ವಿತಳಿಯ ಪೂರ್ತಿ ಲಾಭ ಸಿಗಬೇಕಾದರೆ ಬೇರೆ ಯಂತ್ರವೇ ಬೇಕು. ರೈತ ಒಳ್ಳೆಯ ಗೂಡು ತಂದರೂ ಹರಾಜಿನಲ್ಲಿ ಅದಕ್ಕೆ ತಕ್ಕ ಬೆಲೆ ಕೂಗುವವರು ಇರಬೇಕಲ್ಲ.

ಹಾಗಾಗಿ ಇಲ್ಲಿ ಬೇಗ ಬೇರೂರಿದ್ದು ತಳಿಗಿಂತ ಹೆಚ್ಚಾಗಿ ಕ್ರಮ. ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಚಾಕಿ ಕೇಂದ್ರದಲ್ಲಿ ಸಾಕಿ ರೈತರಿಗೆ ಕೊಡುವುದು, ಎಲೆ ಬಿಡಿಸುವ ಬದಲು ರೆಂಬೆಯನ್ನೇ ಅಟ್ಟಣೆಯ ಮೇಲೆ ಹಾಕುವುದು, ಮನೆಯಿಂದ ಬೇರೆಯಾದ ಹುಳುಮನೆ, ಬಿದಿರಿನ ಚಂದ್ರಿಕೆಯ ಜೊತೆಗೆ ಪ್ಲಾಸ್ಟಿಕ್ ನೇತ್ರಿಕೆ. ಇವು ಆಳುಕೂಲಿ ಉಳಿಸಿದವು, ರೋಗ ತಗ್ಗಿಸಿದವು. ರೈತ ತನಗೆ ಒಗ್ಗುವುದನ್ನು ಆರಿಸಿಕೊಂಡ. ಈ ಆಯ್ಕೆಯನ್ನು ಹಿಂಜರಿಕೆ ಎಂದು ಬರೆದುಕೊಳ್ಳುವ ಸಂಶೋಧಕ ಕಲಿಯುವ ಅವಕಾಶ ಕಳೆದುಕೊಳ್ಳುತ್ತಾನೆ. ರೈತ ಬೇಡವೆಂದದ್ದು ಕೂಡ ದತ್ತಾಂಶವೇ. ಚಿಂತಾಮಣಿಯ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯ ನೆಲೆಗೊಂಡಿರುವುದರ ನಿಜವಾದ ಪ್ರಯೋಜನ ಇಲ್ಲಿದೆ. ಜಪಾನಿನ ಕೋಷ್ಟಕವನ್ನು ಹುಳುಮನೆಗೂ, ಹುಳುಮನೆಯ ಆಕ್ಷೇಪವನ್ನು ಪ್ರಯೋಗಾಲಯಕ್ಕೂ ಮುಟ್ಟಿಸಬಲ್ಲವರು ಈ ಸೀಮೆಯ ಮಾತು ಬಲ್ಲ ಇಂಥ ಕಡೆಯ ವಿದ್ಯಾರ್ಥಿಗಳು.

ವಿಜ್ಞಾನಿಗಳ ನಡುವೆಯೂ ರೇಷ್ಮೆ ಒಂದು ಪಾಠ ಹೇಳಿಕೊಟ್ಟಿದೆ. 2004ರಲ್ಲಿ ಜಪಾನ್ ಮತ್ತು ಚೀನಾ ತಂಡಗಳು ರೇಷ್ಮೆಹುಳುವಿನ ವಂಶವಾಹಿ ನಕ್ಷೆಯನ್ನು ಬೇರೆ ಬೇರೆಯಾಗಿ ಪ್ರಕಟಿಸಿದವು. ಎರಡೂ ಅರೆಬರೆ. ಎರಡನ್ನೂ ಬೆಸೆದು 2008ರಲ್ಲಿ ತಂದದ್ದು ಗಟ್ಟಿ ನಕ್ಷೆಯಾಯಿತು. ಪೈಪೋಟಿಯಲ್ಲಿ ಸಿಗದದ್ದು ಕೂಡಿಕೆಯಲ್ಲಿ ಸಿಕ್ಕಿತು.

ಹೆಸರು ಮತ್ತು ಹಿಂದಿರುಗುವ ಜ್ಞಾನ

ಪ್ರಕಟಣೆಯಲ್ಲಿ ಹೆಸರಿನ ವಿಚಾರಕ್ಕೆ ಬಂದರೆ, ಹಿಗ್ಸ್ ಕಣದ ದ್ರವ್ಯರಾಶಿ ಕುರಿತ 2015ರ ಪ್ರಬಂಧಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರು. ಅಷ್ಟು ಹೆಸರಿನಲ್ಲಿ ಯಾರು ಏನು ಮಾಡಿದರು ಎಂದು ತಿಳಿಯುವುದಿಲ್ಲ ಎಂಬ ದೂರಿಗೆ ಉತ್ತರವಾಗಿ ಹದಿನಾಲ್ಕು ಬಗೆಯ ಕೊಡುಗೆಗಳನ್ನು ಗುರುತಿಸುವ ಪದ್ಧತಿ ಬಂದಿದೆ. ಬಡ ದೇಶಕ್ಕೆ ಬಂದು ಮಾದರಿ, ಮಾಹಿತಿ ಸಂಗ್ರಹಿಸಿ ಹಾರಿಹೋಗುವ ಸಂಶೋಧನೆಯನ್ನು ವಿರೋಧಿಸಿ ಸಂಶೋಧನಾ ಪ್ರಾಮಾಣಿಕತೆ ಕುರಿತ 2022ರ ಜಾಗತಿಕ ಸಮ್ಮೇಳನದಿಂದ ಕೇಪ್‌ಟೌನ್ ಹೇಳಿಕೆ ರೂಪುಗೊಂಡಿತು. ಇವು ಒಳ್ಳೆಯ ಹೆಜ್ಜೆಗಳು. ಗೌರಿಬಿದನೂರು, ಸಾರಸ್‌ನಂಥ ಕೆಲಸಗಳಲ್ಲಿ ನಮ್ಮ ವಿಜ್ಞಾನಿಗಳ ಹೆಸರಿಗೆ ಕೊರತೆ ಇಲ್ಲ. ಕೊರತೆ ಇರುವುದು ಅದರ ಮುಂದಿನ ಮೆಟ್ಟಿಲಲ್ಲಿ. ಕೆರೆಯಲ್ಲಿ ತೇಲಿದ್ದು ಏನು, ಹೊಲದ ಗುಂಡಿಯಲ್ಲಿ ಇಳಿಸಿದ್ದು ಏಕೆ ಎಂಬುದು ಆ ಊರುಗಳ ಪ್ರೌಢಶಾಲೆಗೆ ಕನ್ನಡದಲ್ಲಿ ಹೋಗಬೇಕು. ಅದು ದಾನವಲ್ಲ, ಒಪ್ಪಂದದ ಭಾಗವಾಗಬೇಕಾದ ಕೆಲಸ.

ಮುಂದೆ ಈ ಜಿಲ್ಲೆಗೆ ಬರುವ ಪ್ರತಿ ಅಂತಾರಾಷ್ಟ್ರೀಯ ಯೋಜನೆಯ ಮುಂದೆ ನಾಲ್ಕು ಬೇಡಿಕೆ ಇಡಬಹುದು. ಮೂಲ ದತ್ತಾಂಶದ ಪೂರ್ತಿ ಪ್ರತಿ ನಮ್ಮ ಸಂಸ್ಥೆಯಲ್ಲಿರಬೇಕು. ವಿಶ್ಲೇಷಣೆಯ ಮೊದಲ ದಿನದಿಂದಲೇ ಇಲ್ಲಿನ ಸಂಶೋಧಕರು ಮೇಜಿನ ಸುತ್ತ ಇರಬೇಕು, ಸಭೆಯ ಸಮಯವನ್ನು ಎರಡೂ ಕಡೆಯವರು ಸರದಿಯಲ್ಲಿ ಸಹಿಸಬೇಕು. ಉಪಕರಣ ಕಾಯ್ದ ತಂತ್ರಜ್ಞ, ಹುಳು ಸಾಕಿ ಲೆಕ್ಕ ಬರೆದ ರೈತ ಇವರ ಕೊಡುಗೆ ದಾಖಲಾಗಬೇಕು. ವರ್ಷಕ್ಕೊಮ್ಮೆ ಕನ್ನಡದಲ್ಲಿ ವರದಿ ಬರಬೇಕು. ಇವು ಹೊರಗಿನವರನ್ನು ಅಂಜಿಸುವ ಷರತ್ತುಗಳಲ್ಲ. ಕೋಲಾರದ ಗಣಿಯಿಂದ ಸಾರಸ್‌ವರೆಗೆ ಗೆದ್ದ ಸಹಯೋಗಗಳಲ್ಲಿ ಇವುಗಳಲ್ಲಿ ಕೆಲವುಗಳ ತಿರುಳು ಆಗಲೇ ಇತ್ತು. ಅದನ್ನು ಕಾಗದಕ್ಕಿಳಿಸಿ, ಗೌರಿಬಿದನೂರಿನ ವಿಜ್ಞಾನಿಗೆ ಸಿಕ್ಕ ಮರ್ಯಾದೆ ಶಿಡ್ಲಘಟ್ಟದ ರೈತನಿಗೂ ಸಿಗುವಂತೆ ಮಾಡುವುದು ಈಗ ಉಳಿದಿರುವ ಕೆಲಸ.